ಮಾವನವರ ಮಿಗ್ ವಿಮಾನಕ್ಕೆ ನಾನು ಗಮ್ ಹಚ್ಚಿದ ವೃತ್ತಾಂತ

ವಿಮಾನ ಕಟ್ಟುವುದು ಅಷ್ಟೇನೂ ಕಷ್ಟದ ಕೆಲಸವಲ್ಲ ಎಂದು ನಾನು ನಂಬಿದ್ದೆ. ಈ ನಂಬಿಕೆಗೆ ಆಧಾರವೂ ಇತ್ತು. ಗಂಗಾವತಿಯಲ್ಲಿ ನಾವು ಚಿಕ್ಕವರಿದ್ದಾಗ ನಾನೊಂದು ಪ್ಲಾಸ್ಟಿಕ್ ವಿಮಾನ ಜೋಡಿಸಿದ್ದೆ. ಹಸಿರು ಬಣ್ಣದ್ದು, ಮೂಗಿನ ಮೇಲೆ ತಿರುಗುವ ಪಂಖವಿದ್ದದ್ದು. ಅದನ್ನು ಎತ್ತಿ ಹಿಡಿದು ಕಾಲುವೆ ದಂಡೆಯ ಮೇಲೆ ಓಡಿದ್ದು, ಗಾಳಿಗೆ ಪಂಖ ಗಿರಗಿರನೆ ತಿರುಗಿದ್ದು, ಎಲ್ಲವೂ ಕಣ್ಣಿಗೆ ಕಟ್ಟಿದಂತಿದೆ. ನಾನು ಕೊಪ್ಪಳದ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುವವನು. ಕಣ್ಣಿಗೆ ಕಟ್ಟಿದಂತಿರುವ ಸಂಗತಿಗಳನ್ನೇ ಮೊದಲು ಅನುಮಾನಿಸಬೇಕು ಎಂದು ಪ್ರತಿ ವರ್ಷ ಹುಡುಗರಿಗೆ ಹೇಳುತ್ತೇನೆ. ಅವರು ಬರೆದುಕೊಳ್ಳುತ್ತಾರೆ. ನಾನು ಬರೆದುಕೊಂಡಿರಲಿಲ್ಲ.

ಮುಂದೆ ಹೋಗುವ ಮೊದಲು ಮಾವನವರ ಬಗ್ಗೆ ಹೇಳಬೇಕು. ಹೆಸರು ಶರಣಪ್ಪ. ವಾಯುಪಡೆಯಲ್ಲಿ ಮೆಕ್ಯಾನಿಕ್ ಆಗಿದ್ದವರು. ಯುದ್ಧವಿಮಾನದಲ್ಲಿ ಒಂದು ಸಲವೂ ಕುಳಿತು ಹಾರಿದವರಲ್ಲ. ಆದರೆ ಅವರು ಸುತ್ತು ಹಾಕಿ ನೋಡಿ ಸಹಿ ಮಾಡದಿದ್ದರೆ ಆ ವಿಮಾನ ನೆಲ ಬಿಡುತ್ತಿರಲಿಲ್ಲವಂತೆ. ನಿವೃತ್ತಿಯಾಗಿ ಕುಷ್ಟಗಿಯಲ್ಲಿ ನೆಲೆಸಿ ಎಷ್ಟೋ ವರ್ಷವಾಯಿತು. ಸುತ್ತು ಹಾಕುವುದು ಮಾತ್ರ ನಿವೃತ್ತಿಯಾಗಿಲ್ಲ. ಯಾರ ಮನೆಗೆ ಹೋದರೂ ಜೇಬಿನಿಂದ ಸಣ್ಣ ಟಾರ್ಚು ತೆಗೆದು ಗ್ಯಾಸಿನ ಪೈಪು ನೋಡುತ್ತಾರೆ. ಮದುವೆಮನೆಯಲ್ಲಿ ಕುರ್ಚಿಯ ಕಾಲುಗಳನ್ನು ಅಲ್ಲಾಡಿಸಿ ನೋಡದೆ ಕೂರುವುದಿಲ್ಲ. ಗಿರಿಜಾಳನ್ನು ನನಗೆ ಕೊಡುವ ಮಾತುಕತೆಗೆ ಬಂದಾಗ ನನ್ನ ಓದು, ನೌಕರಿ ಏನೂ ಕೇಳದೆ, ಅಂಗಳದಲ್ಲಿ ನಿಂತಿದ್ದ ನನ್ನ ಬೈಕಿಗೆ ಒಂದು ಸುತ್ತು ಬಂದು, ಚೈನು ಮುಟ್ಟಿ, “ಸಡ್ಲ ಐತಿ” ಎಂದಿದ್ದರು. ಅದು ಚೈನಿನ ಬಗ್ಗೆಯೋ ನನ್ನ ಬಗ್ಗೆಯೋ ಎಂಬುದು ಇವತ್ತಿಗೂ ಇತ್ಯರ್ಥವಾಗಿಲ್ಲ.

ಮಾವನವರು ಬೈಯುವವರಲ್ಲ. ಬೈದಿದ್ದರೆ ಎಷ್ಟೋ ಮೇಲಿತ್ತು. ಅವರು ಸುಮ್ಮನೆ ನೋಡುತ್ತಾರೆ. ಆಮೇಲೆ ಟಾರ್ಚು ಆರಿಸುತ್ತಾರೆ. ಆ ಟಿಕ್ ಎಂಬ ಸದ್ದಿಗೆ ನಾನು ಹೆದರುವಷ್ಟು ನಮ್ಮ ಪ್ರಿನ್ಸಿಪಾಲರಿಗೂ ಹೆದರುವುದಿಲ್ಲ.

ಹೋದ ದೀಪಾವಳಿಗೆ ಕುಷ್ಟಗಿಗೆ ಹೋಗಿದ್ದೆವು. ಊಟವಾದ ಮೇಲೆ ಮಾವನವರು ನನ್ನನ್ನು ಹಿತ್ತಲಿಗೆ ಕರೆದರು. ನೀರಿನ ಟಾಕಿಯ ಹಿಂದೆ ನಿಂತು, ಹಳೆಯ ಪಂಚೆಯಲ್ಲಿ ಸುತ್ತಿದ್ದ ಒಂದು ರಟ್ಟಿನ ಪೆಟ್ಟಿಗೆ ತೋರಿಸಿದರು. ಮೇಲೆ ಮಿಗ್ ಯುದ್ಧವಿಮಾನದ ಚಿತ್ರ. ಮೋಡ ಸೀಳಿಕೊಂಡು ಹೊರಟಿತ್ತು.

“ಅಳಿಯಂದ್ರ, ಈ ಪ್ಲಾಸ್ಟಿಕ್ಕಿನ ವಿಮಾನ ಜೋಡಿಸೂದು ನಿಮಗ ಬರ್ತೈತೇನು?”

“ಸಣ್ಣಾಂವ ಇದ್ದಾಗನ ಮಾಡೀನ್ರಿ ಮಾಮಾ,” ಎಂದೆ. ಹೇಳುವಾಗ ಒಂದು ಚೂರೂ ತಡವರಿಸಲಿಲ್ಲ. ಈಗ ಬರೆಯುವಾಗ ಕೈ ತಡವರಿಸುತ್ತಿದೆ.

ಪೆಟ್ಟಿಗೆಯ ಕಥೆ ಹೀಗಿತ್ತು. ಮಾವನವರ ಜೊತೆ ಅದೇ ವಿಮಾನಗಳ ಮೇಲೆ ಕೆಲಸ ಮಾಡುತ್ತಿದ್ದ ಕುಟ್ಟಿ ಎಂಬ ಕೇರಳದ ಗೆಳೆಯರಿಗೆ ಇಂಥ ಮಾದರಿಗಳನ್ನು ಕಟ್ಟಿ ಬಣ್ಣ ಹಚ್ಚುವ ಹುಚ್ಚು. ಮಾವನವರು ನಿವೃತ್ತಿಯಾದ ದಿನ ಅವರು ಇದನ್ನು ಕೈಗಿಟ್ಟು, “ಕಟ್ಟಿ ಮನೆಯಲ್ಲಿಟ್ಟುಕೋ” ಎಂದಿದ್ದರು. ನಿಜವಾದ ಮಿಗ್ಗನ್ನು ಬಿಚ್ಚಿ ಕೂಡಿಸಿದ ಮಾವನವರಿಗೆ ಈ ಗೇಣುದ್ದದ ಮಿಗ್ಗನ್ನು ಮುಟ್ಟಲು ಧೈರ್ಯ ಬರಲಿಲ್ಲ. ಎಲ್ಲಿ ಮುರಿದೀತೋ ಎಂದು ಟ್ರಂಕಿನಲ್ಲಿಟ್ಟರು. ಕುಟ್ಟಿಯವರು ಪ್ರತಿ ಹೊಸ ವರ್ಷಕ್ಕೂ ಫೋನು ಮಾಡಿ “ಕಟ್ಟಿದೆಯಾ?” ಎನ್ನುವರು. ಮೊದಲ ವರ್ಷ ಮಾವನವರು “ಕಟ್ಟುತ್ತಿದ್ದೇನೆ” ಎಂದರು. ಮರುವರ್ಷ ನಾಚಿಕೆಯಾಗಿ, “ಕಟ್ಟಿ ಶೋಕೇಸಿನಲ್ಲಿ ಇಟ್ಟಿದ್ದೇನೆ” ಎಂದುಬಿಟ್ಟರು.

“ಈಗ ಅಂವ ಮಗಳ ಜೋಡಿ ಹಂಪಿ ನೋಡಾಕ ಬರಾಕತ್ತಾನ. ಹಾದಿ ಬಿಟ್ಟು ಕುಷ್ಟಗಿಗೂ ಬರ್ತಾನಂತ, ಶೋಕೇಸ್ ನೋಡಾಕ,” ಎಂದರು ಮಾವನವರು. ಆಮೇಲೆ ದನಿ ಇನ್ನೂ ಇಳಿಸಿದರು. “ಜೀವನದಾಗ ನಾ ಹೇಳಿದ್ದು ಅದೊಂದ ಸುಳ್ಳು. ಸಂಕ್ರಾಂತಿ ಮುಗದ ಮ್ಯಾಲ ಅದು ಮನಿಗೇ ಬರಾಕತ್ತೈತಿ. ನಿಮ್ಮ ಅತ್ತಿಗೂ ಗೊತ್ತಿಲ್ಲ. ನನಗ ಕಣ್ಣಿನ ಆಪರೇಶನ್ ಆತು, ಕೈ ನೋಡಿದ್ರ ಹಿಂಗ.”

ಕೈ ಚಾಚಿದರು. ಬೆರಳುಗಳು ಸಣ್ಣಗೆ ನಡುಗುತ್ತಿದ್ದವು. ಅವರನ್ನು ಕಂಡು ನಾನು ನಡುಗುವುದು ರೂಢಿ. ಅವರೇ ನಡುಗುವುದನ್ನು ನೋಡಿ ನನಗೆ ಎಂಥದೋ ಶೌರ್ಯ ಬಂತು. “ನೀವು ಚಿಂತಿ ಬಿಡ್ರಿ ಮಾಮಾ” ಎಂದು ಪೆಟ್ಟಿಗೆ ಇಸಕೊಂಡೆ. ಉಳಿದ ಅನಾಹುತಗಳಿಗೆಲ್ಲ ಈ ವಾಕ್ಯವೇ ಮೂಲ ಆಕರ.

ಕೊಪ್ಪಳಕ್ಕೆ ಹೊಂದಿಕೊಂಡ ಭಾಗ್ಯನಗರದ ನಮ್ಮ ಮನೆಗೆ ಬಂದು ಪೆಟ್ಟಿಗೆ ತೆರೆದೆ. ಒಳಗೆ ವಿಮಾನ ಇರಲಿಲ್ಲ. ಬೂದು ಬಣ್ಣದ ಪ್ಲಾಸ್ಟಿಕ್ ಕಡ್ಡಿಗಳ ಚೌಕಟ್ಟುಗಳಿದ್ದವು. ಅವುಗಳಿಗೆ ಅಂಟಿಕೊಂಡು ಜೋಳದ ಕಾಳಿನಷ್ಟು, ಸಾಸಿವೆಯಷ್ಟು ತುಂಡುಗಳಿದ್ದವು. ಒಂದು ಹಾಳೆಯ ತುಂಬ ಬಾಣದ ಗುರುತಿನ ಚಿತ್ರಗಳು. ಓದಲು ಒಂದು ಅಕ್ಷರವಿಲ್ಲ. ಪುಸ್ತಕ ಓದಿ ಬದುಕಿದವನಿಗೆ ಇದಕ್ಕಿಂತ ದೊಡ್ಡ ಮೋಸ ಇಲ್ಲ.

“ಇದರಾಗ ವಿಮಾನ ಎಲ್ಲೈತ್ರಿ?” ಎಂದು ಗಿರಿಜಾ ಕೇಳಿದಳು.

“ಎಲ್ಲಾ ಇದರಾಗ ಐತಿ. ಜೋಡಿಸಬೇಕಷ್ಟ.”

“ಹೋದ ವರ್ಷ ಪುಸ್ತಕದ ಸ್ಟ್ಯಾಂಡ್ ತಂದಾಗನೂ ಹಿಂಗ ಅಂದಿದ್ರಿ.”

ಆ ಸ್ಟ್ಯಾಂಡು ಈಗ ನಮ್ಮ ಅಡುಗೆಮನೆಯಲ್ಲಿ ಮಲಗಿದೆ. ಅದರ ಮೇಲೆ ಉಳ್ಳಾಗಡ್ಡಿ ಒಣಗುತ್ತವೆ.

ನಾನು ತಕ್ಷಣ ಶುರು ಮಾಡಲಿಲ್ಲ. ದಿನಾ ಪೆಟ್ಟಿಗೆ ತೆರೆದು ನೋಡಿ ಮುಚ್ಚುತ್ತಿದ್ದೆ. ಅದೂ ಒಂದು ಬಗೆಯ ಸಿದ್ಧತೆಯೇ. ನಡುನಡುವೆ ಮಾವನವರ ಫೋನು ಬರುತ್ತಿತ್ತು. ಅತ್ತೆಯವರು ಪಕ್ಕದಲ್ಲೇ ಇರುವುದರಿಂದ ವಿಮಾನ ಎಂದು ಬಾಯಿ ಬಿಟ್ಟು ಹೇಳುವಂತಿರಲಿಲ್ಲ. “ಕೆಲಸ ಹ್ಯಾಂಗ ನಡದೈತಿ?” ಎನ್ನುವರು. “ನಡದೈತ್ರಿ” ಎನ್ನುವೆ. ಅಷ್ಟೇ ಮಾತು.

ಸಂಕ್ರಾಂತಿಯ ಎಳ್ಳು ಬೆಲ್ಲ ಹಂಚಿ ಮುಗಿದ ಮೇಲೆ ಇನ್ನು ತಡ ಮಾಡುವಂತಿಲ್ಲ ಎಂದು ಕುಳಿತೆ. ಪೆಟ್ಟಿಗೆಯಲ್ಲಿದ್ದ ಗಮ್ ಒಣಗಿ ಕಲ್ಲಾಗಿತ್ತು. ಅಂಗಡಿಯಿಂದ ಮುಟ್ಟಿದರೆ ಅಂಟುವಂಥ ಗಮ್ ತಂದೆ. ಅಂಗಡಿಯವನು ಹೇಳಿದ್ದು ಸುಳ್ಳಲ್ಲ. ಮೊದಲು ಅಂಟಿದ್ದು ನನ್ನ ಎಡಗೈ ಹೆಬ್ಬೆರಳು ಮತ್ತು ವಿಮಾನದ ಬಲರೆಕ್ಕೆ. ಹೊರಗೆ ಯಾರೋ ಬಾಡಿಗೆ ಮನೆ ಕೇಳಿಕೊಂಡು ಬಂದರು. ಗಾಬರಿಯಲ್ಲಿ ಅವರಿಗೆ ನಾನು ರೆಕ್ಕೆ ಸಮೇತ ನಮಸ್ಕಾರ ಮಾಡಿದೆ. ಅವರು ಮತ್ತೆ ನಮ್ಮ ಓಣಿಯಲ್ಲಿ ಕಂಡಿಲ್ಲ. ಗಿರಿಜಾ ಬಿಸಿನೀರು, ಎಣ್ಣೆ ಹಚ್ಚಿ ಬಿಡಿಸಿದಳು. ರೆಕ್ಕೆಯ ಮೇಲೆ ನನ್ನ ಹೆಬ್ಬೆಟ್ಟಿನ ಗುರುತು ಅಚ್ಚಾಗಿ ಉಳಿಯಿತು.

ಆಮೇಲೆ ಪೈಲಟ್ ಕೂರುವ ಜಾಗದ ಮೇಲಿನ ಗಾಜು. ಗಾಜಲ್ಲ, ಗಾಜಿನಂಥ ಪ್ಲಾಸ್ಟಿಕ್. ಅದಕ್ಕೂ ಅದೇ ಗಮ್ ಹಚ್ಚಿದೆ. ಈ ಗಮ್ಮಿನ ಆವಿಗೆ ಪಾರದರ್ಶಕ ಪ್ಲಾಸ್ಟಿಕ್ ಮಬ್ಬಾಗುತ್ತದೆ ಎಂಬುದು ಜಗತ್ತಿನಲ್ಲಿ ಮಾದರಿ ಕಟ್ಟುವ ಎಲ್ಲರಿಗೂ ತಿಳಿದ ವಿಷಯವಂತೆ. ಬೆಳಗ್ಗೆ ಎದ್ದು ನೋಡಿದರೆ ಗಾಜು ಮಜ್ಜಿಗೆಯಂತೆ ಬೆಳ್ಳಗಾಗಿತ್ತು.

ಗಿರಿಜಾ ಬಗ್ಗಿ ನೋಡಿದಳು. “ಇದಕ್ಕೂ ಪೊರಿ ಬಂದೈತಿ. ಅಪ್ಪಗ ಮಾಡಿದ ಡಾಕ್ಟರ ಕಡೆ ಕರಕೊಂಡ ಹೋಗ್ರಿ.”

ಅಷ್ಟಾದರೂ ವಿಮಾನದ ಆಕಾರವೊಂದು ಬಂದಿತ್ತು. ಮೂರು ಗಾಲಿಗಳ ಮೇಲೆ ಮೇಜಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ನೋಡಿದೆ. ಅದೂ ಹಿಂದೆ ಸರಿಯಿತು. ಮೆಲ್ಲಗೆ ಮೂಗು ಮೇಲೆತ್ತಿ, ಬಾಲದ ಮೇಲೆ ಕುಳಿತುಬಿಟ್ಟಿತು. ಎಷ್ಟು ಸಲ ಸರಿ ನಿಲ್ಲಿಸಿದರೂ ಅಷ್ಟೇ. ಇಂಥ ಸಮಸ್ಯೆ ಚಿಕ್ಕಂದಿನಲ್ಲಿ ಬಂದಂತೆ ನೆನಪಿರಲಿಲ್ಲ. ಗಂಗಾವತಿಯಲ್ಲಿರುವ ನನ್ನ ಅಣ್ಣ ಬಸಣ್ಣನಿಗೆ ಫೋನು ಮಾಡಿದೆ.

“ಅಣ್ಣಾ, ಸಣ್ಣಾವ್ರಿದ್ದಾಗ ನಾ ಒಂದ ಹಸರ ವಿಮಾನ ಕಟ್ಟಿದ್ನಲ್ಲ, ಅದು ಬಾಲದ ಮ್ಯಾಲ ಕುಂದರತಿತ್ತೇನು?”

“ಹಸರ ವಿಮಾನ? ಅದನ್ನ ಕಟ್ಟಿದಾಂವ ನಾನಲೇ.”

“ಮತ್ತ ನಾ?”

“ನೀ ಅದರ ಮ್ಯಾಲ ಕುಂತಾಂವ.”

“ಕಾಲುವಿ ದಂಡಿ ಮ್ಯಾಲ ಓಡಿದ್ದು?”

“ನಾನ ಓಡಿದ್ದು. ನೀ ನನಗೂ ಕೊಡು ಅಂತ ಅಳಕೋತ ಹಿಂದ ಬರತಿದ್ದಿ. ಯಾಕೋ, ಏನಾತು?”

ಏನೂ ಆಗಿಲ್ಲ ಎಂದು ಫೋನು ಇಟ್ಟೆ. ಗಾಳಿಗೆ ಪಂಖ ತಿರುಗಿದ್ದು ನನಗೆ ಅಷ್ಟು ಸ್ಪಷ್ಟವಾಗಿ ಹೇಗೆ ನೆನಪಿದೆ? ಬಹುಶಃ ಹಿಂದಿನಿಂದ ನೋಡಿದ್ದು. ಬಸಣ್ಣನ ನೆನಪೇ ಸರಿ ಎಂಬುದಕ್ಕೂ ಪುರಾವೆ ಇಲ್ಲ ಎಂದು ಒಂದು ಕ್ಷಣ ವಾದಿಸಿಕೊಂಡೆ. ಆದರೆ ಮೇಜಿನ ಮೇಲೆ ಪುರಾವೆ ಬಾಲದ ಮೇಲೆ ಕುಳಿತು ನನ್ನನ್ನೇ ನೋಡುತ್ತಿತ್ತು. ಅಲ್ಲಿಯವರೆಗೆ ನನಗೆ ಇದ್ದದ್ದು ಆತಂಕ. ಆಗ ಶುರುವಾದದ್ದು ಭಯ. ಜೀವನದಲ್ಲಿ ಎಂದೂ ವಿಮಾನ ಕಟ್ಟದವನೊಬ್ಬ, ವಿಮಾನಗಳನ್ನು ಕಾದವರೊಬ್ಬರ ಮಾನವನ್ನು ಕೈಯಲ್ಲಿ ಹಿಡಿದು ಕುಳಿತಿದ್ದ. ಇನ್ನೊಂದು ಪೆಟ್ಟಿಗೆ ತರಿಸೋಣವೆಂದು ಹುಡುಕಿದೆ. ಆ ಮಾದರಿ ತಯಾರಾಗುವುದು ಯಾವಾಗಲೋ ನಿಂತುಹೋಗಿತ್ತು. ಬೇರೆಯದನ್ನಿಟ್ಟರೆ ಕುಟ್ಟಿಯವರು ಬಾಗಿಲಿನಿಂದಲೇ ಗುರುತು ಹಿಡಿಯುತ್ತಾರೆ.

ನಮ್ಮ ಮನೆಯಿಂದ ನಾಲ್ಕು ಹೆಜ್ಜೆ ದಾಟಿದರೆ ಖಾಜಾಸಾಬರ ಶೆಡ್ಡು. ಬೈಕು, ಕಾರುಗಳಿಗೆ ಪೇಂಟ್ ಹೊಡೆಯುತ್ತಾರೆ. ಒಳ್ಳೆಯ ಹೆಸರಿದೆ. ವಿಮಾನವನ್ನು ಟವೆಲಿನಲ್ಲಿ ಸುತ್ತಿಕೊಂಡು ಹೋದೆ.

“ಇದೇನ್ರಿ ಸರ, ನಾಯಿ ಕುಂತಂಗ ಕುಂತೈತಲ್ಲ,” ಎಂದರು.

“ಮುಂದ ಭಾರ ಕಮ್ಮಿ ಆಗೈತಿ ಖಾಜಾಸಾಬ.”

“ಭಾರ ತಾನ? ಹಾಕೂಣಂತ.”

ಮೂಗಿನೊಳಗೆ ಗಮ್ ಸುರಿದು ಸೈಕಲ್ಲಿನ ಸಣ್ಣ ಉಕ್ಕಿನ ಗುಂಡುಗಳನ್ನು ಬಿಟ್ಟರೆ ಅಲ್ಲೇ ಅಂಟಿಕೊಳ್ಳುತ್ತವೆ ಎಂಬುದು ನನ್ನ ಸಿದ್ಧಾಂತ. ಅದಕ್ಕೆ ಹೊಟ್ಟೆಯಲ್ಲಿ ತೂತು ಬೇಕು ಎಂಬುದು ಖಾಜಾಸಾಬರ ತಿದ್ದುಪಡಿ. ಮೊಳೆ ಕಾಯಿಸಿ ತೂತು ಹೊಡೆದು, ಗಮ್ ಬಿಟ್ಟು, ಒಂದು ಹಿಡಿ ಗುಂಡು ಬಿಟ್ಟು, ತೂತಿಗೆ ಕಾರಿನ ತಗ್ಗು ತುಂಬುವ ಪುಟ್ಟಿ ಮೆತ್ತಿದೆವು. ಗುಂಡು ಅಂಟಲಿಲ್ಲ. ವಿಮಾನ ಮುಂದೆ ಬಾಗಿದರೆ ಗುಂಡುಗಳೆಲ್ಲ ಮೂಗಿಗೆ ಓಡಿ ಮುಗ್ಗರಿಸುತ್ತಿತ್ತು. ಹಿಂದೆ ಬಾಗಿದರೆ ಬಾಲಕ್ಕೆ ಓಡಿ ಕುಳಿತುಬಿಡುತ್ತಿತ್ತು. ಮೊದಲು ಅದಕ್ಕೆ ಒಂದೇ ರೋಗವಿತ್ತು. ಈಗ ಎರಡಾದವು, ಜೊತೆಗೆ ಮಕ್ಕಳ ಗಿಲಕಿಯ ಹಾಗೆ ಸದ್ದು ಬೇರೆ.

“ಅದಿರ್ಲಿ ಬಿಡ್ರಿ, ಬಣ್ಣ ಬಿದ್ರ ಎಲ್ಲಾ ಮುಚ್ಚಿ ಹೋಗ್ತೈತಿ,” ಎಂದರು ಖಾಜಾಸಾಬರು. “ಬೈಕಿಗೆ ಹೊಡದೀನಿ, ಟ್ರ್ಯಾಕ್ಟರಿಗೆ ಹೊಡದೀನಿ, ವಿಮಾನ ಒಂದ ಉಳದಿತ್ತು ನನ್ನ ಕೈಯಾಗ.”

ಸಣ್ಣ ಸಾಮಾನಿಗೆ ಬಣ್ಣ ತೆಳ್ಳಗಿರಬೇಕೆಂದು ಥಿನ್ನರ್ ಧಾರಾಳವಾಗಿ ಸುರಿದು ಬೆಳ್ಳಿ ಬಣ್ಣ ಕಲಸಿದರು. ಕಂಪ್ರೆಸರ್ ಹಚ್ಚಿ, ಗಾಜೊಂದನ್ನು ಕಾಗದದಿಂದ ಮುಚ್ಚಿ, ಸುತ್ತಲೂ ಒಂದು ಸಲ ಹೊಡೆದರು. ದೇವರಾಣೆ ಹೇಳುತ್ತೇನೆ, ಆ ಹೊತ್ತು ಅದು ಚೆಂದ ಕಂಡಿತು. ನನ್ನ ಹೆಬ್ಬೆಟ್ಟು ಮುಚ್ಚಿತ್ತು, ಪುಟ್ಟಿ ಮುಚ್ಚಿತ್ತು, ಮದುವೆಯ ಹೊಸ ಪಾತ್ರೆಯ ಹಾಗೆ ಫಳಫಳ ಹೊಳೆಯುತ್ತಿತ್ತು. ನಾವಿಬ್ಬರೂ ಚಹಾ ತರಿಸಿ ಕುಡಿಯುತ್ತ ನಿಂತೆವು. ಅರ್ಧ ಕಪ್ಪು ಮುಗಿದಿರಬೇಕು.

“ಖಾಜಾಸಾಬ, ಆ ರೆಕ್ಕಿ ಯಾಕ ಕೆಳಗ ಬರಾಕತ್ತೈತಿ?”

“ಎಲ್ಲಿ ಬರಾಕತ್ತೈತ್ರಿ?” ಅವರು ಬಗ್ಗಿದರು. ಹಾಗೇ ಸ್ವಲ್ಪ ಹೊತ್ತು ಬಗ್ಗಿಯೇ ಇದ್ದರು. “ಬರಾಕತ್ತೈತ್ರಿ.”

ಎಡರೆಕ್ಕೆ ಬಿಸಿಲಿಗೆ ಬಾಡಿದ ಎಲೆಯಂತೆ ಇಳಿಯುತ್ತಿತ್ತು. ಮೈಮೇಲೆ ಹಾಲಿನ ಕೆನೆಯಂಥ ಸುಕ್ಕು ಎದ್ದಿತ್ತು.

“ಥಿನ್ನರ್ ತಿನ್ನಾಕತ್ತೈತಿ ಅದನ್ನ.”

“ನಿಮಗ ಗೊತ್ತಿರ್ಲಿಲ್ಲೇನು?”

“ನಾ ತಗಡಿಗೆ ಹೊಡ್ಯಾಂವ್ರಿ ಸರ. ಪ್ಲಾಸ್ಟಿಕ್ ಅಂತ ನೀವು ಹೇಳಬೇಕಿಲ್ಲ?”

“ನೋಡಿದ್ರ ತಿಳ್ಯೂದಿಲ್ಲ?”

“ಓದಿದವರು ತಂದೀರಿ, ಏನೋ ಛಲೋ ಮಾಲ ಇರಬೇಕು ಅನ್ಕೊಂಡೆ.”

ಇಬ್ಬರೂ ಸೇರಿ ರೆಕ್ಕೆಗಳ ಕೆಳಗೆ ಬೆಂಕಿಪೆಟ್ಟಿಗೆ ಕೊಟ್ಟು ಎತ್ತಿ ನಿಲ್ಲಿಸಿದೆವು. ಬಲಗಡೆ ಒಂದು ಪೆಟ್ಟಿಗೆ ಹೆಚ್ಚಾಯಿತು, ಎಡಗಡೆಯದು ಜಾರಿತು. ಪ್ಲಾಸ್ಟಿಕ್ ಹಾಗೆಯೇ ಗಟ್ಟಿಯಾಯಿತು. ಒಂದು ರೆಕ್ಕೆ ನಮಸ್ಕಾರ ಮಾಡುತ್ತಿತ್ತು, ಇನ್ನೊಂದು ಆಶೀರ್ವಾದ ಮಾಡುತ್ತಿತ್ತು.

ಹೊರಡುವಾಗ ಖಾಜಾಸಾಬರು ನನ್ನ ಹಿಂದೆಯೇ ರಸ್ತೆಯವರೆಗೆ ಬಂದರು. “ಸರ, ನಿಮ್ಮ ಮಾವಾರ ಮುಂದ ನನ್ನ ಹೆಸರ ಹೇಳಬ್ಯಾಡ್ರಿ. ಹೋದ ಸಲ ಬಂದಾಗ ಅವರು 'ಇದರ ಗೇಜ್ ಯಾವಾಗ ನೋಡ್ಸಿದ್ದು' ಅಂತ ನನ್ನ ಕಂಪ್ರೆಸರ್ ಮ್ಯಾಲ ಬ್ಯಾಟ್ರಿ ಬಿಟ್ಟು ನೋಡಿ, ಆರಿಸಿ, ಸುಮ್ನ ಹೋಗ್ಯಾರ. ಏನ ಕಂಡಿತೋ ಏನೋ. ಅದನ್ನ ಚಾಲೂ ಮಾಡುವಾಗ ಇವತ್ತಿಗೂ ಕೈ ನಡಗ್ತೈತಿ.”

ಅಂದರೆ ಭಯ ನನ್ನೊಬ್ಬನದೇ ಅಲ್ಲ, ಸಾರ್ವಜನಿಕವಾದದ್ದು. ಅದರಿಂದ ಸಮಾಧಾನವೇನೂ ಆಗಲಿಲ್ಲ.

ಕುಷ್ಟಗಿಗೆ ಹೊರಡುವ ದಿನ ಬೆಳಗ್ಗೆ ಕೊನೆಯ ಕೆಲಸ ಮುಗಿಸಿದೆ. ವಾಯುಪಡೆಯ ಕೇಸರಿ, ಬಿಳಿ, ಹಸಿರು ದುಂಡು ಗುರುತುಗಳು ತೆಳ್ಳನೆಯ ಚೀಟಿಗಳ ಮೇಲಿರುತ್ತವೆ; ನೀರಲ್ಲಿ ನೆನೆಸಿ ಮೆಲ್ಲಗೆ ಜಾರಿಸಿ ರೆಕ್ಕೆಯ ಮೇಲೆ ಕೂರಿಸಬೇಕು. ಕೂರಿಸಿದೆ. ಇಡೀ ವಿಮಾನದಲ್ಲಿ ನನ್ನಿಂದ ಸರಿಯಾಗಿ ಆದ ಕೆಲಸ ಅದೊಂದೇ. ಒಣಗಲೆಂದು ಇಟ್ಟಿದ್ದೆ. ಅಷ್ಟರಲ್ಲಿ ನಮ್ಮ ಜೊತೆಗೇ ಇರುವ ಅವ್ವ ಬಂದಳು, ಕೈಯಲ್ಲಿ ಪೂಜೆಯ ತಟ್ಟೆ.

“ಹೊಸಾ ಗಾಡಿ ಬೀಗರ ಮನಿಗೆ ಹೊಂಟೈತಿ. ಪೂಜಿ ಇಲ್ಲದ ಕಳಸ್ತೀಯೇನು ತಮ್ಮಾ?”

“ಅವ್ವಾ, ಇದು ಗಾಡಿ ಅಲ್ಲ. ಶೋಕೇಸಿನ್ಯಾಗ ಇಡೂದು.”

“ಗಾಲಿ ಅದಾವಿಲ್ಲ?”

“ಅದಾವ.”

“ಮತ್ತ?”

ನಿಜ ಹೇಳಬೇಕೆಂದರೆ ಬೇಡ ಎನ್ನುವ ಧೈರ್ಯ ನನಗಿರಲಿಲ್ಲ. ಅಂದು ಮಧ್ಯಾಹ್ನ ಮಾವನವರ ಮುಂದೆ ನಿಲ್ಲಬೇಕಾದವನು ಬೆಳಗ್ಗೆ ದೇವರ ಜೊತೆ ಯಾಕೆ ಕೆಡಿಸಿಕೊಳ್ಳಲಿ? ಅವ್ವ ಮೂಗಿನ ಮೇಲೆ ವಿಭೂತಿಯ ಮೂರು ಗೆರೆ ಎಳೆದಳು. ಸುಕ್ಕು ಸ್ವಲ್ಪ ಮುಚ್ಚಿತು. ಇದು ಲಾಭವೇ ಎಂದುಕೊಂಡೆ. ಆಮೇಲೆ ನಿಂಬೆಹಣ್ಣು. ಹೊಸ ಗಾಡಿ ಎಂದ ಮೇಲೆ ಪ್ರತಿ ಗಾಲಿಯ ಕೆಳಗೂ ನಿಂಬೆಹಣ್ಣು ಇಟ್ಟು ಮುಂದಕ್ಕೆ ನೂಕಿ ಒಡೆಸಬೇಕು. ಸೈಕಲ್ಲಿನಿಂದ ಲಾರಿಯವರೆಗೆ ನಮ್ಮ ಕಡೆ ಇದಕ್ಕೆ ವಿನಾಯಿತಿ ಇಲ್ಲ. ಬುಟ್ಟಿಯಲ್ಲಿದ್ದ ಹಣ್ಣೊಂದು ಪೈಲಟ್ ಕೂರುವ ಜಾಗಕ್ಕಿಂತ ದೊಡ್ಡದಿತ್ತು. ಅವ್ವ ಬಿಡುವವಳಲ್ಲ. ಪಕ್ಕದ ಮನೆಯ ಗಿಡದಿಂದ ಗೋಲಿಯಷ್ಟು ಕಾಯಿ ಕಿತ್ತು ತಂದು ಮೂರು ಗಾಲಿಗಳ ಕೆಳಗೂ ಇಟ್ಟಳು. ಮಿಗ್ ಮೂರು ಹಸಿರು ಗುಂಡುಕಲ್ಲುಗಳ ಮೇಲೆ ಹತ್ತಿ ಕುಳಿತಿತು.

“ಹೂಂ, ದೇವರ ಹೆಸರ ತಗೊಂಡು ಮುಂದ ನೂಕು.”

ನೂಕಿದೆ. ನಿಂಬೆಕಾಯಿ ಒಡೆಯಲಿಲ್ಲ. ಮುಂದಿನ ಗಾಲಿ ಒಡೆಯಿತು.

“ದೃಷ್ಟಿ ಹೋತು ಬಿಡು,” ಎಂದಳು ಅವ್ವ. ನಾನು ಬಾಯಿ ತೆರೆಯುವಷ್ಟರಲ್ಲಿ ತಂಬಿಗೆಯ ನೀರನ್ನು ಬಿಲ್ವಪತ್ರೆಯಿಂದಲ್ಲ, ಕೈಯಿಂದಲೇ ಧಾರಾಳವಾಗಿ ಚಿಮುಕಿಸಿದಳು. ಇನ್ನೂ ಹಸಿಯಿದ್ದ ದುಂಡು ಗುರುತೊಂದು ತಾನು ಬಂದ ಹಾಗೆಯೇ ಮೆಲ್ಲಗೆ ಜಾರಿ ಹೊಟ್ಟೆಯ ಕೆಳಗೆ ಹೋಗಿ ನಿಂತಿತು.

ಗಿರಿಜಾ ವಿಮಾನವನ್ನು ಹಳೆಯ ಸೀರೆಯಲ್ಲಿ ಸುತ್ತಿ, ರೊಟ್ಟಿ ಇಡುವ ದೊಡ್ಡ ಸ್ಟೀಲ್ ಡಬ್ಬಿಯಲ್ಲಿಟ್ಟಳು. ಬಸ್ಸಿನಲ್ಲಿ ಡಬ್ಬಿ ನನ್ನ ತೊಡೆಯ ಮೇಲೆ. ಮಾವನವರ ಗುಟ್ಟನ್ನು ಗಿರಿಜಾಳಿಗೆ ನಾನು ಹೇಳಲಿಲ್ಲ. ಬಸ್ಸು ಹೊರಡುವ ಮೊದಲೇ ಆಕೆ ನನ್ನಿಂದ ತಿಳಿದುಕೊಂಡಳು. ಇವೆರಡಕ್ಕೂ ವ್ಯತ್ಯಾಸವಿದೆ.

“ಯಾಕ ಹಿಂಗ ಬೆವರತೀರಿ? ನಮ್ಮಪ್ಪ ನಿಮ್ಮನ್ನ ತಿಂತಾನೇನು?”

“ತಿಂದ್ರ ಛಲೋ ಇತ್ತು. ನೋಡ್ತಾರ.”

ತಳಕಲ್ ದಾಟಿದ ಮೇಲೆ ರಸ್ತೆಯ ಉಬ್ಬುಗಳು ಶುರುವಾದವು. ಪ್ರತಿ ಉಬ್ಬಿಗೂ ಡಬ್ಬಿಯೊಳಗೆ ಗಿಲಿಗಿಲಿ. ಮುಂದಿನ ಸೀಟಿನ ಅಜ್ಜಿ ತಿರುಗಿ ನೋಡಿ, “ಕೂಸು ಎಲ್ಲೈತವ್ವಾ? ಗಿಲಕಿ ಸಪ್ಪಳ ಬರಾಕತ್ತೈತಲ್ಲ?” ಎಂದಳು.

“ಇಲ್ಲೇ ಅದಾರ ನೋಡ್ರಿ,” ಎಂದು ಗಿರಿಜಾ ನನ್ನನ್ನು ತೋರಿಸಿದಳು.

ಮಾವನವರು ಗೇಟಿನಲ್ಲೇ ನಿಂತಿದ್ದರು. ಇಸ್ತ್ರಿ ಮಾಡಿದ ಅಂಗಿ ಹಾಕಿ, ಗಡ್ಡ ನುಣ್ಣಗೆ ಬೋಳಿಸಿಕೊಂಡಿದ್ದರು. ಅತ್ತೆಯವರನ್ನು ಹೋಳಿಗೆ ಮಾಡಲು ಹೇಳಿ ಅಡುಗೆಮನೆಯಲ್ಲಿ ಕಟ್ಟಿಹಾಕಿದ್ದರು. ನನ್ನನ್ನು ನಡುಮನೆಗೆ ಕರೆದೊಯ್ದು ಬಾಗಿಲು ಮುಂದೆ ಮಾಡಿ, “ತೆಗೀರಿ” ಎಂದರು. ಆ ಮುಖದಲ್ಲಿ ಆಸೆಯಿತ್ತು. ನಾನು ಹೆದರಿದ್ದು ಆಗ. ಮಾವನವರ ಸಿಟ್ಟನ್ನು ಎದುರಿಸಲು ಬಸ್ಸಿನುದ್ದಕ್ಕೂ ತಯಾರಿ ಮಾಡಿಕೊಂಡಿದ್ದೆ. ಆಸೆಗೆ ತಯಾರಿ ಇರಲಿಲ್ಲ.

ಡಬ್ಬಿ ತೆರೆದೆ. ಸೀರೆ ಬಿಚ್ಚಿದೆ.

ಮಾವನವರು ಟಾರ್ಚು ತೆಗೆದರು. ಮೂಗಿನಿಂದ ಶುರು ಮಾಡಿ ಸುತ್ತು ಬಂದರು, ನಿಜವಾದ ವಿಮಾನಕ್ಕೆ ಬರುತ್ತಿದ್ದ ಹಾಗೆಯೇ. ಬೆಳಕು ಪೊರೆ ಬಂದ ಗಾಜಿನ ಮೇಲೆ ನಿಂತಿತು. ನಮಸ್ಕಾರದ ರೆಕ್ಕೆಯ ಮೇಲೆ ನಿಂತಿತು. ಬಾಲ ಸುತ್ತಿ ಆಶೀರ್ವಾದದ ರೆಕ್ಕೆಗೆ ಬಂತು. ನಾನು ಗೋಡೆಗೆ ಒರಗಿದ್ದೆ. ಗೋಡೆ ಇಲ್ಲದಿದ್ದರೆ ನಾನೂ ಬಾಲದ ಮೇಲೆ ಕೂರುತ್ತಿದ್ದೆ. ಅವರು ವಿಮಾನವನ್ನು ಎತ್ತಿದರು. ಗಿಲಿಗಿಲಿ ಎಂದಿತು.

“ಒಳಗ ಏನೈತಿ?”

“ಸೈಕಲ್ ಗುಂಡ್ರಿ ಮಾಮಾ.”

“ಎಷ್ಟು?”

“ಲೆಕ್ಕ ಇಟ್ಟಿಲ್ಲರಿ.”

ಮಾವನವರು ಕಣ್ಣು ಮುಚ್ಚಿಕೊಂಡರು. ಅವರ ಕಾಲದಲ್ಲಿ ಕೆಲಸ ಮುಗಿದ ಮೇಲೆ ಒಂದು ಸ್ಕ್ರೂಡ್ರೈವರ್ ಕಡಿಮೆಯಾದರೂ ಅದು ಸಿಗುವವರೆಗೆ ವಿಮಾನ ಹಾರುತ್ತಿರಲಿಲ್ಲವಂತೆ. ಲೆಕ್ಕವಿಲ್ಲದೆ ವಿಮಾನದ ಹೊಟ್ಟೆಯೊಳಗೆ ಏನನ್ನಾದರೂ ಬಿಡುವುದು ಅವರ ಲೋಕದಲ್ಲಿ ಯಾರೂ ಮಾಡದ ಅಪರಾಧ.

“ಈ ವಿಭೂತಿ?”

“ಅವ್ವ ಪೂಜಿ ಮಾಡಿದ್ಲರಿ.”

“ಅದೊಂದು ಸರಿ ಆಗೈತಿ,” ಎಂದರು. ಟಿಕ್.

ಬೇರೇನಾದರೂ ಹೇಳುತ್ತಿದ್ದರೇನೋ. ಅಷ್ಟರಲ್ಲಿ ಹೊರಗೆ ಕಾರು ನಿಂತಿತು. ಮಾವನವರು ವಿಮಾನವನ್ನು ಶೋಕೇಸಿನಲ್ಲಿ ಸ್ಟೀಲ್ ಲೋಟಗಳ ಹಿಂದೆ, ನಮ್ಮ ಮದುವೆಯ ಫೋಟೋಕ್ಕೆ ಒರಗಿಸಿ, ಗಾಜಿನ ಬಾಗಿಲು ಎಳೆದರು. ಎಳೆದ ಗಾಳಿಗೋ ಏನೋ, ಅದು ಒಳಗೆ ಒಮ್ಮೆ ತಲೆಯಾಡಿಸಿತು.

ಕುಟ್ಟಿಯವರು ಸಣ್ಣ ಮೈಕಟ್ಟಿನ, ತುಂಬ ನಗುವ ಮನುಷ್ಯ. ಗೆಳೆಯರಿಬ್ಬರೂ ಅಪ್ಪಿಕೊಂಡರು. ಅವರಿಬ್ಬರ ಮಾತು ಹಿಂದಿಯಲ್ಲಿ; ನನಗೆ ನೆನಪಿರುವುದು ಕನ್ನಡದಲ್ಲಿ. ಹಾಗಾಗಿ ಪದಗಳಿಗೆ ನಾನು ಜವಾಬ್ದಾರನಲ್ಲ, ಅರ್ಥಕ್ಕೆ ಮಾತ್ರ. ಮಗಳು, ಅಳಿಯ ಕಾರಿನಲ್ಲೇ ಫೋನು ನೋಡುತ್ತಿದ್ದಾರೆ, ಆಮೇಲೆ ಬರುತ್ತಾರೆ ಎಂದರು. ನೀರು ಕೂಡ ಕುಡಿಯಲಿಲ್ಲ. “ಎಲ್ಲಿ ನಮ್ಮ ಮಿಗ್?” ಎಂದು ನೇರ ಶೋಕೇಸಿಗೆ ಹೋಗಿ ಬಾಗಿಲು ಸರಿಸಿ, ಲೋಟ ಸರಿಸಿ, ಎತ್ತಿಕೊಂಡರು.

ಗಿಲಿಗಿಲಿ.

ಅವರ ನಗು ನಿಂತಿತು. ತಿರುಗಿಸಿ ನೋಡಿದರು, ಹೊಟ್ಟೆಯ ಕೆಳಗಿನ ದುಂಡು ಗುರುತು ನೋಡಿದರು. ಮಾವನವರು ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನೆಟ್ಟಗೆ ನಿಂತಿದ್ದರು. ಹಿಂದಿದ್ದ ನನಗೆ ಆ ಬೆರಳುಗಳು ಎಂದಿಗಿಂತ ಹೆಚ್ಚು ನಡುಗುವುದು ಕಾಣುತ್ತಿತ್ತು. ಗಿರಿಜಾ ಬಾಗಿಲ ಪರದೆ ಹಿಡಿದು ನಿಂತಿದ್ದಳು.

“ಶರಣಪ್ಪಾ, ಇದನ್ನು ಕಟ್ಟಿದ್ದು ಯಾರು?”

ನಾನು ಒಂದು ಹೆಜ್ಜೆ ಮುಂದಿಟ್ಟೆ. “ನಾನು ಕಟ್ಟಿದ್ದು” ಎಂದರೆ ಮಾವನವರ ಅಷ್ಟು ವರ್ಷದ ಸುಳ್ಳು ಬಯಲಾಗುತ್ತದೆ. ಸುಮ್ಮನಿದ್ದರೆ ಈ ವಿಕಾರ ಅವರ ಹೆಸರಿಗೆ ಹೋಗುತ್ತದೆ. ಒಂದು ಬೋಲ್ಟು ಸಡಿಲವಿದ್ದರೆ ನಿದ್ದೆ ಮಾಡದ ಮನುಷ್ಯನ ಹೆಸರಿಗೆ. ಹೇಳಿಬಿಡೋಣ ಎಂದು ಬಾಯಿ ತೆರೆದೆ. ತೆರೆದೆ ಎಂದೇ ನನ್ನ ನೆನಪು. ತೆರೆಯಲೇ ಇಲ್ಲ ಎನ್ನುತ್ತಾಳೆ ಗಿರಿಜಾ.

“ನಾನೇ,” ಎಂದರು ಮಾವನವರು.

ಕುಟ್ಟಿಯವರು ವಿಮಾನವನ್ನು ಕೆಳಗಿಟ್ಟರು. ಮಾವನವರ ಕೈಯನ್ನು ಬೆನ್ನ ಹಿಂದಿನಿಂದ ತಾವೇ ಮುಂದೆ ಎಳೆದು ಹಿಡಿದುಕೊಂಡರು. ಬೆರಳು ನೋಡಿದರು. ಮಾವನವರ ದಪ್ಪ ಕನ್ನಡಕ ನೋಡಿದರು. “ಕೈ ಹೀಗಾಗಿದೆ ಎಂದು ಒಂದು ಫೋನಿನಲ್ಲಾದರೂ ಹೇಳಬಾರದಿತ್ತೇ?” ಎಂದರು. “ನಾನು ದುಷ್ಟ, ಪ್ರತಿ ವರ್ಷ ಕಟ್ಟಿದೆಯಾ ಕಟ್ಟಿದೆಯಾ ಎಂದು ಕಾಡುತ್ತಿದ್ದೆ. ಇಂಥ ಕೈಯಿಂದ ಅಷ್ಟಾದರೂ ಕಟ್ಟಿದ್ದೀಯಲ್ಲ.”

ಆಮೇಲೆ ನನ್ನ ಕಡೆ ತಿರುಗಿದರು. ಅಷ್ಟು ನಗುವ ಮುಖ ಅಷ್ಟು ಗಡುಸಾಗಬಲ್ಲದು ಎಂದು ನಾನು ಊಹಿಸಿರಲಿಲ್ಲ.

“ನೀವು ಇವನ ಅಳಿಯ ಅಲ್ಲವೇ? ಕಾಲೇಜಿನಲ್ಲಿ ಪಾಠ ಮಾಡುತ್ತೀರಂತೆ. ವಯಸ್ಸಾದವನು ಈ ಕಣ್ಣು, ಈ ಕೈ ಇಟ್ಟುಕೊಂಡು ಒಬ್ಬನೇ ಒದ್ದಾಡಿದ್ದಾನೆ. ಕಣ್ಣು ನೆಟ್ಟಗಿದೆ, ಕೈ ನೆಟ್ಟಗಿದೆ ನಿಮಗೆ. ಸ್ವಲ್ಪ ಸಹಾಯ ಮಾಡಬಾರದಿತ್ತೇ?”

ಪರದೆಯ ಹಿಂದೆ ಗಿರಿಜಾಳಿಗೆ ಜೋರಾಗಿ ಕೆಮ್ಮು ಬಂತು.

ನಾನು ಮಾವನವರನ್ನು ನೋಡಿದೆ. ಅವರು ಎದುರಿನ ಗೋಡೆ ನೋಡುತ್ತಿದ್ದರು. “ಎಷ್ಟೋ ಸಲ ಹೇಳಿದೆ,” ಎಂದರು ಗೆಳೆಯನಿಗೆ, ನಿಟ್ಟುಸಿರು ಬಿಟ್ಟು. “ಕೇಳುವುದಿಲ್ಲ.”

ತಲೆ ತಗ್ಗಿಸುವುದೊಂದೇ ಉಳಿದಿತ್ತು. ತಗ್ಗಿಸಿದೆ. ತಪ್ಪಾಯಿತು ಎಂದೆ. ಕುಟ್ಟಿಯವರ ಮನಸ್ಸು ಬೇಗ ಕರಗಿತು. ನನ್ನ ಭುಜ ತಟ್ಟಿ, ತಮ್ಮ ಮನೆಯಲ್ಲಿ ಇನ್ನೊಂದು ಪೆಟ್ಟಿಗೆ ಇದೆ, ಇದಕ್ಕಿಂತ ದೊಡ್ಡದು, ಎರಡು ಎಂಜಿನ್ನಿನದು, ಊರಿಗೆ ಹೋದ ಕೂಡಲೇ ಕಳಿಸುತ್ತೇನೆ ಎಂದರು. “ಈ ಸಲವಾದರೂ ಮಾವನ ಜೊತೆ ಕೂತು ನೀವೂ ಕೈ ಹಾಕಬೇಕು.”

“ಖಂಡಿತ ಹಾಕುತ್ತೇನೆ,” ಎಂದೆ.

ಅಲ್ಲಿಯವರೆಗೆ ಕಂಬದಂತೆ ನಿಂತಿದ್ದ ಮಾವನವರು ಹೌಹಾರಿ ನಮ್ಮಿಬ್ಬರ ನಡುವೆ ಬಂದು, “ಬ್ಯಾಡ,” ಎಂದರು.

ಆ ಒಂದು ಮಾತು ಕನ್ನಡದಲ್ಲೇ ಇತ್ತು. ಅದನ್ನು ನಾನು ತಪ್ಪು ನೆನಪಿಟ್ಟುಕೊಂಡಿರಲು ಸಾಧ್ಯವೇ ಇಲ್ಲ.